ಮೂರನೇ ಸುತ್ತು ಮುಗೀತು: ಸ್ಟ್ಯಾಂಡ್ ನೆರಳಿನ ಲೆಕ್ಕ

ಇಂಗ್ಲೆಂಡಿನ ಪುಟ್ಟ ಫುಟ್‌ಬಾಲ್ ಕ್ಲಬ್‌ಗಳ ನಾಕೌಟ್ ಕಪ್ ಎಫ್‌ಎ ವೇಸ್; ಅದರ ಮೂರನೇ ಸುತ್ತಿನ ಖಾನೆ ನನ್ನ ಪಟ್ಟಿಯಲ್ಲಿ ಕೊನೆಗೂ ತುಂಬಿತು. ಪೂರ್ತಿ 90 ನಿಮಿಷದ ಆಟ, ಮೂರು ಗೋಲು, ಕೈಗೆ ಸಿಕ್ಕ ಕಾಗದದ ಪ್ರೋಗ್ರಾಮ್. ಕಾಲ್ಬೆರಳುಗಳಿಗೆ ಮಾತ್ರ ಇನ್ನೂ ಜೀವ ಬಂದಿಲ್ಲ.

ಈ ಸೀಸನ್‌ನ ನನ್ನ ಯೋಜನೆ ಇಷ್ಟೇ. ಒಂದೊಂದು ಸುತ್ತಿನಲ್ಲೂ ಒಂದು ಪಂದ್ಯ ನೋಡೋದು, ಎಲ್ಲವೂ ಉತ್ತರ ಇಂಗ್ಲೆಂಡಿನಲ್ಲೇ, ಫೈನಲ್‌ಗೆ ಮಾತ್ರ ವೆಂಬ್ಲಿ. ಎಫ್‌ಎ ಕಪ್ ಬಿಟ್ಟು ವೇಸ್ ಯಾಕೆ ಅಂತ ಕೇಳುವವರಿಗೆ ಒಂದೇ ಉತ್ತರ: ಈ ಕಪ್ ಇರೋದೇ ಇಂಗ್ಲಿಷ್ ಲೀಗ್ ಏಣಿಯ ಒಂಬತ್ತು, ಹತ್ತನೇ ಮೆಟ್ಟಿಲಿನ ಕ್ಲಬ್‌ಗಳಿಗಾಗಿ. ಅದರಲ್ಲೂ 2009ರಿಂದ 2017ರವರೆಗಿನ ಒಂಬತ್ತು ಫೈನಲ್‌ಗಳಲ್ಲಿ ಎಂಟನ್ನು ಈಶಾನ್ಯ ಇಂಗ್ಲೆಂಡಿನ ನಾರ್ದರ್ನ್ ಲೀಗ್‌ನವರೇ ಗೆದ್ದಿದ್ದಾರೆ. ವಿಟ್ಲಿ ಬೇ ಒಂದೇ ಸತತ ಮೂರು ಸಲ. ಆಮೇಲೆ ಡನ್‌ಸ್ಟನ್, ಸ್ಪೆನಿಮೂರ್, ನಾರ್ತ್ ಶೀಲ್ಡ್ಸ್, ಮಾರ್ಪೆತ್, ಸೌತ್ ಶೀಲ್ಡ್ಸ್. ಇಷ್ಟೆಲ್ಲ ಇರುವ ಕಡೆ ಬಿಟ್ಟು ಬೇರೆ ಎಲ್ಲಿಗೆ ಹೋಗೋದು ಹೇಳಿ.

ನವೆಂಬರ್‌ವರೆಗಿನ ಸುತ್ತುಗಳ ಬಗ್ಗೆ ಬರೆಯೋಕೆ ಏನೂ ಇಲ್ಲ. ಬಸ್ಸು ಬಂತು, ಆಟ ಆಯ್ತು, ಪೈ ತಿಂದೆ. ತಲೆ ತಿಂದಿದ್ದು ಡಿಸೆಂಬರ್.

ಡರ್ಹಮ್ ಕೌಂಟಿಯ ಒಂದು ಹಳೆ ಗಣಿ ಊರು. ಗುರುವಾರ ಮಳೆ, ಶುಕ್ರವಾರ ರಾತ್ರಿ ಆಕಾಶ ಶುಭ್ರ, ತಾಪಮಾನ ಸೊನ್ನೆಗಿಂತ ಕೆಳಗೆ. ಮೊದಲು ಒದ್ದೆ, ಆಮೇಲೆ ನೆಲ ಹೆಪ್ಪುಗಟ್ಟಿಸೋ ಫ್ರಾಸ್ಟ್. ಇದಕ್ಕಿಂತ ಕೆಟ್ಟ ಜೋಡಿ ಇಲ್ಲ ಅಂತ ನಿಮಗೂ ಗೊತ್ತು. ಬೆಳಿಗ್ಗೆ ಲೋಕಲ್ ರೆಫರಿ ಪಿಚ್ ನೋಡಿ ಪಾಸ್, ಆಡಬಹುದು ಅಂದರು. ನಾನು ಹೊರಟೆ. ಬಸ್ಸಿಳಿಯೋ ಹೊತ್ತಿಗೆ ಎರಡನೇ ಇನ್‌ಸ್ಪೆಕ್ಷನ್ ಆಗಿ ಮ್ಯಾಚ್ ಆಫ್. ಕ್ಲಬ್‌ನವರು ಅದನ್ನು ತಿಳಿಸಿದ್ದು ನಾನು ಗೇಟ್ ಮುಂದೆ ನಿಂತ ಮೇಲೆ. ಬೈಯೋಣ ಅಂದ್ಕೊಂಡೆ. ಆದರೆ ಪೈಗಳನ್ನು ಆಗಲೇ ಬಿಸಿ ಮಾಡಿಬಿಟ್ಟಿದ್ದರು, ಅರ್ಧ ಬೆಲೆಗೆ ಕೊಟ್ಟರು. ಬಾಯಿ ಮುಚ್ಚಿಕೊಂಡು ತಿಂದೆ.

ಪೈ ಹಿಡಿದುಕೊಂಡೇ ಪಿಚ್ ನೋಡಲು ಹೋದೆ. ಮುಕ್ಕಾಲು ಭಾಗ ಹಸಿರು, ಮೆತ್ತಗೆ, ಆರಾಮಾಗಿ ಆಡಬಹುದು. ಒಂದು ಟಚ್‌ಲೈನ್ (ಪಿಚ್ಚಿನ ಪಕ್ಕದ ಗೆರೆ) ಉದ್ದಕ್ಕೂ ಮಾತ್ರ ಬಿಳಿ ಪಟ್ಟಿ. ಅದರ ಅಂಚು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿತ್ತು. ಆ ಗೆರೆಯಾಚೆ ಹಿಮ್ಮಡಿ ಊರಿದರೆ ಇಳಿಯುತ್ತೆ, ಈಚೆ ಊರಿದರೆ ಟಕ್ ಅಂತ ಸದ್ದು. ಹಿಂದಿನ ವಾರದ ಸ್ಟಡ್ ಗುರುತುಗಳೆಲ್ಲ ಅಲ್ಲೇ ಕಲ್ಲಾಗಿದ್ದವು. ಅದರ ಮೇಲೆ ಯಾರಾದರೂ ಸ್ಲೈಡಿಂಗ್ ಟ್ಯಾಕಲ್‌ಗೆ ಹೋದರೆ ತೊಡೆ ಸಿಪ್ಪೆ ಸುಲಿಯುತ್ತೆ. ರೆಫರಿ ಮಾಡಿದ್ದು ಸರಿಯೇ. ಗೋಲ್ ಬಲೆ ಬಿಚ್ಚುತ್ತಿದ್ದ ಅಜ್ಜ ನನ್ನ ಮುಖ ನೋಡಿ, “ಈ ಕಡೆಗೆ ಫೆಬ್ರವರಿವರೆಗೂ ಬಿಸಿಲಿನ ಆಸೆ ಇಟ್ಕೋಬೇಡಪ್ಪ” ಅಂದರು. ತಲೆ ಎತ್ತಿ ನೋಡಿದೆ. ಬಿಳಿ ಪಟ್ಟಿ ಮುಗಿಯುವ ಜಾಗದಲ್ಲೇ ಪ್ರೇಕ್ಷಕರ ಸ್ಟ್ಯಾಂಡ್ ಚಾವಣಿಯ ನೆರಳೂ ಮುಗಿಯುತ್ತಿತ್ತು.

ಅಂದ್ರೆ ಇಷ್ಟು ದಿನ ಮೈದಾನ ಸುತ್ತುವ ನಾವೆಲ್ಲ ಹವಾಮಾನ ನೋಡಿಕೊಂಡು ಕೂತಿದ್ದು ಅರ್ಧ ಕೆಲಸ ಮಾತ್ರ. ನೋಡಬೇಕಾಗಿದ್ದು ಸ್ಟ್ಯಾಂಡ್ ಯಾವ ದಿಕ್ಕಿಗಿದೆ ಅಂತ.

ಲೆಕ್ಕ ಸುಲಭ. ಡರ್ಹಮ್‌ನ ಅಕ್ಷಾಂಶ ಸುಮಾರು 54.8 ಡಿಗ್ರಿ. ಡಿಸೆಂಬರ್ ಮೂರನೇ ವಾರ ನಡು ಮಧ್ಯಾಹ್ನಕ್ಕೂ ಸೂರ್ಯ ದಕ್ಷಿಣದ ಆಕಾಶದಲ್ಲಿ 12 ಡಿಗ್ರಿ ಎತ್ತರ ದಾಟಲ್ಲ. ನಾಲ್ಕು ಮೀಟರ್ ಎತ್ತರದ ಸ್ಟ್ಯಾಂಡ್ ಆದರೆ 19 ಮೀಟರ್ ನೆರಳು. ಸ್ಟ್ಯಾಂಡಿಗೂ ಟಚ್‌ಲೈನಿಗೂ ನಡುವಿನ ಜಾಗ ಕಳೆದರೂ 15 ಮೀಟರ್ ಒಳಗೆ ಬರುತ್ತೆ. ಪಿಚ್ಚಿನ ಅಗಲ 64 ಮೀಟರ್ ಇಟ್ಟುಕೊಂಡರೆ ಹೆಚ್ಚುಕಮ್ಮಿ ಕಾಲು ಭಾಗ. ಅದೇ ದಿನ ಅದೇ ಸ್ಟ್ಯಾಂಡ್ ಬೆಂಗಳೂರಿನಲ್ಲಿದ್ದಿದ್ದರೆ ನೆರಳು ಬರೀ ಮೂರು ಮೀಟರ್. ನಮಗೆ ಇದು ಹೊಳೆಯದೇ ಇದ್ದಿದ್ದಕ್ಕೆ ಅದೇ ಕಾರಣ ಇರಬೇಕು. ನೆರಳು ಅಂದ್ರೆ ನಮ್ಮ ಕಡೆ ಪುಣ್ಯ, ಇಲ್ಲಿ ಶಾಪ.

ಸಾಮಾನ್ಯವಾಗಿ ಪಿಚ್‌ಗಳನ್ನು ಉತ್ತರ–ದಕ್ಷಿಣಕ್ಕೆ ಹಾಕುತ್ತಾರೆ, ಸ್ಟ್ಯಾಂಡ್ ಪೂರ್ವಕ್ಕೋ ಪಶ್ಚಿಮಕ್ಕೋ ಬರುತ್ತೆ, ತೊಂದರೆ ಕಮ್ಮಿ. ಗಣಿ ಊರುಗಳಲ್ಲಿ ಮನೆ ಸಾಲುಗಳ ನಡುವೆ ಜಾಗ ಸಿಕ್ಕ ಹಾಗೆ ಹಾಕಿದ್ದಾರೆ. ಪೂರ್ವ–ಪಶ್ಚಿಮದ ಪಿಚ್, ದಕ್ಷಿಣಕ್ಕೆ ಸ್ಟ್ಯಾಂಡ್ ಇದ್ದರೆ ಡಿಸೆಂಬರ್‌ನಲ್ಲಿ ಆ ಕಡೆ ತಲೆ ಹಾಕಬೇಡಿ. ಫ್ರಾಸ್ಟ್ ತಡೆಯೋ ಹೊದಿಕೆ ಇದ್ದರೆ ಬೇರೆ ಮಾತು, ಆದರೆ ಈ ಮಟ್ಟದಲ್ಲಿ ಅಷ್ಟು ದುಡ್ಡು ಯಾರ ಹತ್ರ ಇದೆ?

ಆ ಶನಿವಾರ ಆಫ್ ಆದ ಪಂದ್ಯಗಳೆಲ್ಲ ಮುಂದಿನ ಶನಿವಾರಕ್ಕೆ ಹೋದವು. ಅಂದ್ರೆ ಆರಿಸಿಕೊಳ್ಳಲು ನನಗೆ ಇನ್ನೊಂದು ಅವಕಾಶ. ಉಪಗ್ರಹ ಚಿತ್ರ ತೆರೆದು ಬಸ್ಸು ಹೋಗುವ ಮೈದಾನಗಳನ್ನೆಲ್ಲ ನೋಡಿದೆ. ಒಂದು ಕಡೆ ದಿಕ್ಕೇನೋ ಸರಿಯಿತ್ತು, ಆದರೆ ದಕ್ಷಿಣದ ಗೋಲ್ ಹಿಂದೆ ಎತ್ತರದ ಕೋನಿಫರ್ ಮರಗಳ ಸಾಲು. ಪೆನಾಲ್ಟಿ ಏರಿಯಾ ಪೂರ್ತಿ ನೆರಳು, ಅದೂ ಬೇಡ. ಕೊನೆಗೆ ಉಳಿದಿದ್ದು ಉತ್ತರಕ್ಕೆ ಸ್ಟ್ಯಾಂಡ್ ಇರುವ ಒಂದು ಮೈದಾನ. ದಕ್ಷಿಣಕ್ಕೆ ಬರೀ ಬೇಲಿ, ಅದರಾಚೆ ಹೊಲ. ಶುಕ್ರವಾರ ರಾತ್ರಿ ಮತ್ತೆ ಫ್ರಾಸ್ಟ್ ಬಿತ್ತು. ನಾನು ಆರಾಮಾಗಿ ನಿದ್ದೆ ಮಾಡಿದೆ.

ಆಟ ನಡೆಯಿತು! ಹಿಂದಿನ ವಾರ ನಾನು ಹೋಗಿದ್ದ ಮೈದಾನದಲ್ಲಿ ಮತ್ತೆ ಆಫ್. ಸಂತೋಷ ಪಡಬಾರದು, ಪಟ್ಟೆ.

ಆಟ ಅಷ್ಟೇನೂ ಚೆನ್ನಾಗಿರಲಿಲ್ಲ. 2–1, ಆತಿಥೇಯರು ಗೆದ್ದರು. ಮೊದಲಾರ್ಧ ಪೂರ್ತಿ ಚೆಂಡು ಗಾಳಿಯಲ್ಲೇ. ಹಾಫ್‌ಟೈಮ್‌ನಲ್ಲಿ ಎಲ್ಲರೂ ಕೈಯಲ್ಲಿ ಕಪ್ ಹಿಡಿದು ಮೈದಾನ ಸುತ್ತಿ ಇನ್ನೊಂದು ಗೋಲ್ ಹಿಂದೆ ಹೋದರು, ನಾನೂ ಹೋದೆ. ಗೆಲುವಿನ ಗೋಲು ನನ್ನಿಂದ ಎರಡು ಮಾರು ದೂರದಲ್ಲಿ ಒಳಗೆ ಹೋಯ್ತು, ಸೆಂಟರ್ ಹಾಫ್‌ನ ಮೊಣಕಾಲಿಗೆ ಬಡಿದು. ಅವನಿಗೇ ನಂಬಿಕೆ ಬರಲಿಲ್ಲ. ಸಸ್ಯಾಹಾರಿಗಳಿಗೆ ಮತ್ತೊಮ್ಮೆ: ಚೀಸ್ ಆನಿಯನ್ ಪೈ ಕೇಳಿ. ಬಾವ್‌ರಿಲ್ ಅನ್ನೋ ಬಿಸಿ ಪೇಯ ಮುಟ್ಟಬೇಡಿ, ಅದು ದನದ ಮಾಂಸದ್ದು. ಕಪ್ ಬಿಸಿಯಾಗಿದೆ ಅಂತ ಕೈಗೆ ಹಿಡ್ಕೊಂಡವರನ್ನು ನಾನು ನೋಡಿದ್ದೇನೆ.

ಸರಂಜಾಮಿನ ವಿಷಯ. ಕಾಲು ಬಿಸಿ ಮಾಡೋ ಬ್ಯಾಟರಿ ಸಾಕ್ಸ್ ತರಿಸಿದ್ದೆ, ಆರು ಗಂಟೆ ಬಿಸಿ ಇರುತ್ತೆ ಅಂದಿದ್ದರು. ಟಾಸ್ ಆಗುವಾಗ ಎಡಗಾಲು ಹೋಯ್ತು, ಅರ್ಧ ಗಂಟೆಗೆ ಬಲಗಾಲು. ವಾಪಸ್ ಕಳಿಸಿದರೆ “ಬಳಸಿದ ಸಾಕ್ಸ್ ತಗೊಳ್ಳಲ್ಲ” ಅಂತಾರೆ. ಬಳಸದೆ ಕೆಟ್ಟಿದೆ ಅಂತ ಹೇಗಪ್ಪ ಗೊತ್ತಾಗೋದು? ಅಮ್ಮ ಕಳಿಸಿದ ಮಂಕಿ ಕ್ಯಾಪ್ ಒಂದೇ ಈ ಚಳಿಗಾಲದಲ್ಲಿ ಹೇಳಿದ ಕೆಲಸ ಮಾಡಿದ್ದು.

ಇದರ ಮಧ್ಯೆ ಮುಂದಿನ ಹುಚ್ಚು ಆಗಲೇ ತಲೆಗೇರಿದೆ. ಶೆಫೀಲ್ಡ್‌ನ ಸ್ಯಾಂಡಿಗೇಟ್, ಹ್ಯಾಲಮ್ ಕ್ಲಬ್‌ನ ಮೈದಾನ. ಶೆಫೀಲ್ಡ್ ಎಫ್‌ಸಿ ಜೊತೆ 1860ರ ಡಿಸೆಂಬರ್ 26ರಂದು ಅಲ್ಲೇ ಆಡಿದ್ದು, ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಮೈದಾನ ಅಂತ ಹೆಸರು. ಪಿಚ್ ಇಳಿಜಾರಾಗಿದೆ ಅಂತ ಎಲ್ಲರೂ ಹೇಳ್ತಾರೆ. ಎಷ್ಟು ಅಂತ ನಾನೇ ಅಳೆಯಬೇಕು. ಮೊಬೈಲ್ ಲೆವೆಲ್ ನಂಬೋಕಾಗಲ್ಲ. ಗಾರೆ ಕೆಲಸದವರು ಬಳಸುವ ನೀರಿನ ಟ್ಯೂಬ್ ತಗೊಂಡು ಹೋಗೋಣ ಅಂತಿದ್ದೇನೆ. ಟ್ಯೂಬಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು. ಪೈ ನನ್ನ ಖರ್ಚು.

ಅದಕ್ಕೆ ಮುಂಚೆ ನಾಲ್ಕನೇ ಸುತ್ತು. ಸಂಕ್ರಾಂತಿ ಹೊತ್ತಿಗೆ ಅದೇ ನಾಲ್ಕು ಮೀಟರ್ ಸ್ಟ್ಯಾಂಡ್‌ನ ನೆರಳು 16 ಮೀಟರಿಗೆ ಇಳಿದಿರುತ್ತೆ. ಜಾಸ್ತಿ ವ್ಯತ್ಯಾಸ ಏನಿಲ್ಲ, ಸುಮ್ನೆ ಸಮಾಧಾನ. ಮುನ್ಸೂಚನೆಯಲ್ಲಿ ಈಗ ಫ್ರಾಸ್ಟ್ ಇಲ್ಲ, ವಾರಪೂರ್ತಿ ಮಳೆ. ನೀರು ನಿಲ್ಲುವ ಜೇಡಿಮಣ್ಣಿನ ಪಿಚ್‌ಗಳು ಯಾವುವು ಅಂತ ಯಾರಾದರೂ ಪಟ್ಟಿ ಮಾಡಿಟ್ಟಿದ್ದರೆ ಶುಕ್ರವಾರದೊಳಗೆ ಕಳಿಸಿ. ಬಸ್ ಟಿಕೆಟ್ ಆಗಲೇ ತೆಗೆಸಿಬಿಟ್ಟಿದ್ದೇನೆ.