ಡಬ್ಬದ ಕಾಳು, ಬೇಲಿ ಪಕ್ಕದ ಸೊಪ್ಪು

ಎರಡು ವರ್ಷದ ಹಿಂದೆ ಒಂದು ರಾತ್ರಿ ಗಾಳಿಮಳೆ ಜೋರಾಗಿ ಬಂದು ಕರೆಂಟ್ ಹೋಯ್ತು, ಬೆಳಿಗ್ಗೆ ಅಷ್ಟೊತ್ತಿಗೆ ಬರತ್ತೆ ಬಿಡು ಅಂತ ಮಲ್ಕೊಂಡ್ವಿ, ಬಂದಿದ್ದು ನಾಲ್ಕನೇ ದಿನ. ಮೊದಲನೇ ದಿನ ಅಷ್ಟೇನೂ ಅನ್ನಿಸ್ಲಿಲ್ಲ. ಎರಡನೇ ದಿನ ನಲ್ಲಿ ತಿರುಗಿಸಿದ್ರೆ ಬರೀ ಗಾಳಿ ಸದ್ದು. ಮೋಟಾರ್ ಓಡದೆ ಮೇಲಿನ ಟ್ಯಾಂಕ್ ಖಾಲಿಯಾಗಿತ್ತು, ಕರೆಂಟ್ ಹೋದ್ರೆ ಹಿಂದೆನೇ ನೀರೂ ಹೋಗತ್ತೆ ಅನ್ನೋದು ನಂಗೆ ಹೊಳೆದಿದ್ದೇ ಆವಾಗ. ಟಾರ್ಚ್ ತೆಗೆದ್ರೆ ಒಳಗೆ ಸೆಲ್ ಸೋರಿ ಸ್ಪ್ರಿಂಗೆಲ್ಲಾ ಹಸಿರು ಹಿಡಿದಿತ್ತು, ಅಮ್ಮನ ಬಿಪಿ ಮಾತ್ರೆ ಎರಡೇ ಉಳಿದಿತ್ತು, ಕೈಯಲ್ಲಿ ಚಿಲ್ಲರೆ ದುಡ್ಡಿಲ್ಲ, ಫೋನ್ ಸತ್ತಿದ್ರಿಂದ ಆನ್‌ಲೈನ್ ಪೇಮೆಂಟೂ ಇಲ್ಲ. ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಆ ಮೂರು ದಿನದ ಭಯ ನನ್ನ ಮನಸ್ಸಿಂದ ಹೋಗಿಲ್ಲ.

ಆಮೇಲೆ ಇಂಥ ದಿನಕ್ಕೆ ಮನೇನ ಮುಂಚೆನೇ ಸಜ್ಜು ಮಾಡ್ಕೊಳ್ಳೋದು ಹೇಗೆ ಅಂತ ಓದಕ್ಕೆ ಶುರು ಮಾಡಿದೆ. ಓದಿದ್ರಲ್ಲಿ ಅರ್ಧಕ್ಕರ್ಧ ಸಾಮಾನು ಮಾರೋರ ಮಾತು, ಆ ಕಿಟ್ ತಗೊಳ್ಳಿ ಈ ಪ್ಯಾಕೆಟ್ ಊಟ ತಗೊಳ್ಳಿ ಅಂತ. ಇನ್ನರ್ಧ ಕಾಡಿಗೆ ಹೋಗಿ ಗೆಡ್ಡೆ ಗೆಣಸು ತಿಂದ್ಕೊಂಡು ಬದುಕ್ತೀವಿ ಅನ್ನೋರದ್ದು. ಎರಡೂ ನಮ್ಮಂಥ ಮನೆಗೆ ಆಗಿಬರಲ್ಲ. ನಂಗೆ ಅರ್ಥ ಆಗಿದ್ದು ಏನಂದ್ರೆ ಹೊಟ್ಟೆ ತುಂಬಿಸೋದು ಡಬ್ಬದಲ್ಲಿರೋ ಕಾಳು, ಬೇಲಿ ಪಕ್ಕದ ಸೊಪ್ಪು ಅದಕ್ಕೆ ಜೊತೆ ಅಷ್ಟೇ, ಮತ್ತೆ ಆ ಎರಡನ್ನೂ ಎಲ್ಲಾ ಸರಿಯಿರೋ ದಿನದಲ್ಲೇ ರೂಢಿ ಮಾಡ್ಕೊಂಡಿರಬೇಕು.

ನೀರಿಂದ ಶುರು ಮಾಡ್ತೀನಿ ಯಾಕಂದ್ರೆ ಊಟ ಇಲ್ದೆ ಕೆಲವು ದಿನ ತಡ್ಕೋಬೋದು, ನೀರಿಲ್ದೆ ಆಗಲ್ಲ. ಒಬ್ಬರಿಗೆ ದಿನಕ್ಕೆ ಹೆಚ್ಚುಕಮ್ಮಿ 4 ಲೀಟರ್, ಕುಡಿಯಕ್ಕೆ, ಅಡುಗೆಗೆ, ಕೈ ಬಾಯಿ ತೊಳೆಯಕ್ಕೆ ಸೇರಿ, ಅಂದ್ರೆ ನಾಲ್ಕು ಜನಕ್ಕೆ ಮೂರು ದಿನಕ್ಕೆ 48 ಲೀಟರ್. ಇದಕ್ಕೆ ಹೊಸ ಕ್ಯಾನ್ ಏನೂ ಬೇಡ, ಜ್ಯೂಸು ಸೋಡಾ ಬಂದ ಗಟ್ಟಿ ಪ್ಲಾಸ್ಟಿಕ್ ಬಾಟಲಿ ಚೆನ್ನಾಗಿ ತೊಳೆದು ತುಂಬಿಸಿ, ಮೇಲೆ ತಾರೀಖು ಬರೆದು, ಮಂಚದ ಕೆಳಗೆ ಕತ್ತಲಲ್ಲಿ ಇಟ್ಟಿದೀನಿ, ಆರು ತಿಂಗಳಿಗೊಂದ್ಸಲ ಗಿಡಕ್ಕೆ ಹಾಕಿ ಹೊಸದು ತುಂಬಿಸ್ತೀನಿ. ಹಾಲಿನ ಕ್ಯಾನ್ ಮಾತ್ರ ಬೇಡ, ಎಷ್ಟು ತೊಳೆದ್ರೂ ಹಾಲಿನ ಅಂಶ ಉಳಿದು ಒಳಗೆ ಬ್ಯಾಕ್ಟೀರಿಯಾ ಬೆಳೆಯತ್ತೆ. ಟಾಯ್ಲೆಟ್ಟಿಗೆ ಬೇರೆ ಬಕೆಟ್.

ನೀರು ಶುದ್ಧವೋ ಅಲ್ವೋ ಅನ್ನೋ ಅನುಮಾನ ಬಂದ್ರೆ ಬಟ್ಟೆಯಲ್ಲಿ ಸೋಸಿ ಕುದಿಸೋದೇ ಮೊದಲ ದಾರಿ, ಕೊತಕೊತ ಅಂತ ಒಂದು ನಿಮಿಷ ಪೂರ್ತಿ ಕುದಿದ್ರೆ ಸಾಕು, ಸಮುದ್ರ ಮಟ್ಟದಿಂದ 2000 ಮೀಟರ್‌ಗಿಂತ ಎತ್ತರದಲ್ಲಿರೋರು ಮೂರು ನಿಮಿಷ, ಅಲ್ಲಿ ನೀರು ಕಮ್ಮಿ ಬಿಸಿಗೇ ಕುದಿಯತ್ತಲ್ಲ ಅದಕ್ಕೆ. ಗ್ಯಾಸ್ ಉಳಿಸಬೇಕು ಅಂದ್ರೆ ಬಿಸಿಲೇ ಕೆಲಸ ಮಾಡತ್ತೆ. ಬಣ್ಣ ಇಲ್ಲದ ಪಾರದರ್ಶಕ ಬಾಟಲಿಯಲ್ಲಿ ತಿಳಿ ನೀರು ತುಂಬಿಸಿ ಒಳ್ಳೆ ಬಿಸಿಲಲ್ಲಿ 6 ಗಂಟೆ ಮಲಗಿಸಿಡೋದು, ಮೋಡ ಇದ್ರೆ ಎರಡು ದಿನ. ಕದಡಿದ ನೀರಿಗೆ ಇದು ಆಗಲ್ಲ, ಬಿಸಿಲು ಒಳಗೆ ಇಳಿಯಲ್ಲ. ಕೆಮಿಕಲ್ ಸೇರಿ ಕೆಟ್ಟ ನೀರಿಗೆ ಇವೆರಡೂ ಉಪಯೋಗಕ್ಕೆ ಬರಲ್ಲ ಅನ್ನೋದೂ ನೆನಪಿರಲಿ.

ಇನ್ನು ಕಾಳು. ಇಲ್ಲಿ ನಾನು ಪೆನ್ನು ಪೇಪರ್ ಹಿಡಿದು ಕೂತೆ. ದೊಡ್ಡವರಿಗೆ ದಿನಕ್ಕೆ ಸುಮಾರು 2000 ಕ್ಯಾಲೊರಿ ಅಂತ ಇಟ್ಕೊಳ್ಳಿ, ಒಣ ಅಕ್ಕಿ ಬೇಳೆ ಯಾವುದಾದ್ರೂ 100 ಗ್ರಾಂಗೆ ಹೆಚ್ಚುಕಮ್ಮಿ 350 ಕ್ಯಾಲೊರಿ, ಎಣ್ಣೆ ಒಂದು ಗ್ರಾಂಗೆ 9. ಅಂದ್ರೆ 400 ಗ್ರಾಂ ಅಕ್ಕಿ, 100 ಗ್ರಾಂ ಬೇಳೆ, 30 ಗ್ರಾಂ ಎಣ್ಣೆ, ಅಲ್ಲಿಗೆ ಒಬ್ಬರ ಒಂದು ದಿನ ಕಳೀತು. ಎರಡು ವಾರಕ್ಕೆ ಒಬ್ಬರಿಗೆ 5.6 ಕೆಜಿ ಅಕ್ಕಿ, 1.4 ಕೆಜಿ ಬೇಳೆ. ಈ ಲೆಕ್ಕ ಕಣ್ಣಿಗೆ ಬಿದ್ದಾಗ ಎಷ್ಟು ಸಮಾಧಾನ ಆಯ್ತು ಗೊತ್ತಾ, ರೂಮು ತುಂಬಾ ಸಾಮಾನು ಬೇಕೇನೋ ಅಂದ್ಕೊಂಡಿದ್ದೆ, ನಾಲ್ಕು ಜನಕ್ಕೆ ಎರಡು ದೊಡ್ಡ ಡಬ್ಬ ಸಾಕು! ಒಂದೇ ಸಲ ತರಕ್ಕೆ ಹೋಗ್ಲಿಲ್ಲ, ಪ್ರತಿ ತಿಂಗಳ ಸಾಮಾನಿನ ಜೊತೆ ಎರಡೋ ಮೂರೋ ಕೆಜಿ ಜಾಸ್ತಿ ತಂದೆ ಅಷ್ಟೇ, ವರ್ಷದೊಳಗೆ ತುಂಬ್ತು. ಹೊಸದು ಹಿಂದೆ, ಹಳೇದು ಮುಂದೆ, ದಿನಾ ಅಡುಗೆಗೆ ಮುಂದಿನ ಡಬ್ಬದಿಂದನೇ ತೆಗೆಯೋದು. ಎಮರ್ಜೆನ್ಸಿಗೆ ಅಂತ ಬೇರೆ ಎತ್ತಿಟ್ಟಿದ್ದು ಹಾಳಾಗತ್ತೆ, ದಿನಾ ಮುಟ್ಟೋದು ಹಾಳಾಗಲ್ಲ. ಪಾಲಿಶ್ ಮಾಡದ ಕೆಂಪಕ್ಕಿ ತೌಡಿನ ಎಣ್ಣೆ ಇರೋದ್ರಿಂದ ಕೆಲವೇ ತಿಂಗಳಲ್ಲಿ ಕಮಟು ವಾಸನೆ ಬರತ್ತೆ, ಹಾಗಾಗಿ ಕೂಡಿಡಕ್ಕೆ ಬಿಳಿ ಅಕ್ಕಿನೇ ಒಳ್ಳೇದು. ಹುಳದ ಕಾಟ ಇದ್ರೆ ಕಾಳನ್ನ ಬಿಗಿಯಾಗಿ ಕಟ್ಟಿ ಫ್ರೀಜರಲ್ಲಿ ನಾಲ್ಕು ದಿನ ಇಟ್ರೆ ಮೊಟ್ಟೆನೂ ಸಾಯತ್ತೆ, ಆದ್ರೆ ತೆಗೆದ ತಕ್ಷಣ ಬಿಚ್ಚಬೇಡಿ, ತಣುಪು ಪೂರ್ತಿ ಹೋದ ಮೇಲೆ ಬಿಚ್ಚಿ, ಇಲ್ಲಾಂದ್ರೆ ಕಾಳಿನ ಮೇಲೆ ನೀರು ಕೂತು ಬೂಷ್ಟು ಹಿಡಿಯತ್ತೆ.

ಫ್ರಿಜ್ ವಿಷಯ ಎರಡೇ ಮಾತು. ಕರೆಂಟ್ ಹೋದ್ರೆ ಬಾಗಿಲು ತೆಗೀಬೇಡಿ, ಮುಚ್ಚಿದ ಫ್ರಿಜ್ 4 ಗಂಟೆ ತಣ್ಣಗಿರತ್ತೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ.

ಗ್ಯಾಸ್ ಉಳಿಸಕ್ಕೆ ನಾನು ಕಲಿತ ದಾರಿ ನಂಗೆ ತುಂಬಾ ಇಷ್ಟ. ಪಾತ್ರೆಯಲ್ಲಿ ಅಕ್ಕಿ ನೀರು ಹಾಕಿ ಐದು ನಿಮಿಷ ಚೆನ್ನಾಗಿ ಕುದಿಸಿ, ಬಿಗಿ ಮುಚ್ಚಳ ಹಾಕಿ, ದಪ್ಪ ಕಂಬಳಿಯಲ್ಲಿ ಸುತ್ತಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಬಟ್ಟೆ ತುರುಕಿ ಇಟ್ಬಿಟ್ರೆ ಒಂದು ಗಂಟೆಯಲ್ಲಿ ಅನ್ನ ಆಗಿರತ್ತೆ, ಒಲೆ ಆರಿ ಎಷ್ಟೋ ಹೊತ್ತಾಗಿರತ್ತೆ. ಕಾಳಾದ್ರೆ ರಾತ್ರಿ ನೆನೆಸಿ ಆ ನೀರು ಚೆಲ್ಲಿ ಹೊಸ ನೀರಲ್ಲಿ ಕುದಿಸಿ ಇಡೋದು. ಒಂದು ಎಚ್ಚರ, ರಾಜ್ಮಾ ಕಾಳನ್ನ ಪೆಟ್ಟಿಗೆಗೆ ಇಡೋ ಮುಂಚೆ ಕನಿಷ್ಠ 10 ನಿಮಿಷ ಕುದಿಸಲೇಬೇಕು, ಅದ್ರಲ್ಲಿರೋ ವಿಷ ಬರೀ ಬೆಚ್ಚಗಿನ ಶಾಖಕ್ಕೆ ಹೋಗಲ್ಲ, ಅರೆಬೆಂದಿದ್ದು ತಿಂದ್ರೆ ವಾಂತಿ ಭೇದಿ. ಪೆಟ್ಟಿಗೆಯಿಂದ ತೆಗೆದಾಗ ಊಟ ಕೈ ಸುಡೋ ಅಷ್ಟು ಬಿಸಿ ಇಲ್ಲಾಂದ್ರೆ ಮತ್ತೆ ಒಂದು ಕುದಿ ಕುದಿಸಿ ತಿನ್ನಿ. ಮತ್ತೆ ಗ್ಯಾಸ್ ಮುಗೀತು ಅಂತ ಇದ್ದಿಲ ಒಲೆ ಮನೆ ಒಳಗೆ ತಂದು ಹಚ್ಚಲೇಬೇಡಿ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ ಬಣ್ಣ ಇಲ್ಲ, ಮಲಗಿದೋರು ಹಾಗೇ ಹೋಗಿಬಿಡ್ತಾರೆ.

ಈಗ ಸೊಪ್ಪಿಗೆ ಬರ್ತೀನಿ. ಕಾಡು ಸೊಪ್ಪು ತಿಂದು ಹೊಟ್ಟೆ ತುಂಬಿಸ್ಕೋತೀವಿ ಅನ್ನೋರಿಗೆ ಅದೇ ಲೆಕ್ಕ ತೋರಿಸ್ಬೇಕು. ಸೊಪ್ಪಲ್ಲಿ 100 ಗ್ರಾಂಗೆ ಸುಮಾರು 20 ಕ್ಯಾಲೊರಿ, ಅಂದ್ರೆ ಒಬ್ಬರಿಗೆ ದಿನಕ್ಕೆ 10 ಕೆಜಿ ಸೊಪ್ಪು ಬೇಕು, ಕಿತ್ತು ತರಕ್ಕೇ ಅದಕ್ಕಿಂತ ಜಾಸ್ತಿ ಶಕ್ತಿ ಖರ್ಚಾಗತ್ತೇನೋ. ಹಾಗಾದ್ರೆ ಯಾಕೆ ಕಲೀಬೇಕು ಅಂದ್ರೆ, ಒಣ ಕಾಳಲ್ಲಿ ವಿಟಮಿನ್ ಸಿ ಇಲ್ಲವೇ ಇಲ್ಲ ಅನ್ನಬೋದು. ಎರಡು ವಾರಕ್ಕೆ ಅದ್ರಿಂದ ಏನೂ ಆಗಲ್ಲ, ಆದ್ರೆ ಮೂರನೇ ದಿನಕ್ಕೇ ಬರೀ ಅನ್ನ ಬೇಳೆ ಮಕ್ಕಳ ಬಾಯಿಗೆ ಹೋಗಲ್ಲ, ಒಂದು ಹಿಡಿ ಹುಳಿ ಸೊಪ್ಪು ಹಾಕಿದ್ರೆ ತಟ್ಟೆ ಖಾಲಿ. ಅಷ್ಟೇ ಅಲ್ಲ, ಎಲ್ಲಾ ಸರಿಯಿರೋ ದಿನದಲ್ಲೂ ವಾರಕ್ಕೆರಡು ಸಲ ಸೊಪ್ಪಿನ ಖರ್ಚು ಉಳಿಯತ್ತೆ.

ಎರಡು ವರ್ಷದಲ್ಲಿ ನಾನು ಕಲಿತಿದ್ದು ಮೂರೇ ಗಿಡ. ಗೋಣಿ ಸೊಪ್ಪು, ಕಾಡು ಹರಿವೆ, ಮತ್ತೆ ಮೂರು ಹೃದಯದ ಆಕಾರದ ಎಲೆ ಇರೋ ಪುಲ್ಲಂಪುರಚಿ. ಮೂರೂ ಪ್ರಪಂಚದ ತುಂಬಾ ಕಳೆ ಅಂತ ಕಿತ್ತು ಬಿಸಾಕೋ ಗಿಡಗಳೇ. ಗೋಣಿ ಸೊಪ್ಪನ್ನ ಮೊಳಕೆಯಿಂದ ಬೀಜದವರೆಗೂ ಒಂದು ಸೀಸನ್ ಪೂರ್ತಿ ನೋಡಿದೀನಿ. ನೆಲಕ್ಕೆ ಹರಡಿರೋ ನುಣ್ಣನೆ ಕೆಂಪು ಕಾಂಡ, ರಸ ತುಂಬಿದ ದಪ್ಪ ಎಲೆ, ಬಿಸಿಲಿಗೆ ಬಿಚ್ಚೋ ಪುಟ್ಟ ಹಳದಿ ಹೂವು, ಮುಚ್ಚಳ ತೆಗೆದಂಗೆ ಒಡೆಯೋ ಕಾಯಿ, ಒಳಗೆ ಕಪ್ಪು ಪುಡಿಯಂಥ ಬೀಜ. ಅದರ ಪಕ್ಕದಲ್ಲೇ, ಕೆಲವು ಸಲ ಅದರೊಳಗೇ ಹೆಣೆದ್ಕೊಂಡು, ಇನ್ನೊಂದು ಹರಡೋ ಗಿಡ ಬೆಳೆಯತ್ತೆ, ದೂರದಿಂದ ಹಾಗೇ ಕಾಣತ್ತೆ, ಎಲೆ ತೆಳು, ಕಾಂಡ ಮುರಿದ್ರೆ ಬಿಳಿ ಹಾಲು ಬರತ್ತೆ. ಅದು ವಿಷ. ಗೋಣಿ ಸೊಪ್ಪಲ್ಲಿ ಹಾಲು ಬರಲ್ಲ, ನೀರಂಥ ರಸ ಅಷ್ಟೇ. ಹಾಗಾಗಿ ನಮ್ಮನೇಲಿ ಒಂದೊಂದು ಕಡ್ಡಿನೂ ಮುರಿದು ನೋಡಿನೇ ಬುಟ್ಟಿಗೆ ಹಾಕೋದು. ಹಾಗಂತ ಹಾಲು ಬರದ ಗಿಡ ಎಲ್ಲಾ ಒಳ್ಳೇದು ಅಂತ ಅಲ್ಲ, ಈ ಒಂದು ಗಿಡದ ವಿಷಯಕ್ಕೆ ಮಾತ್ರ ಈ ಮಾತು.

ಗೋಣಿ ಸೊಪ್ಪು ಬೆಳಿಗ್ಗೆ ಕಿತ್ರೆ ಹುಳಿ ಜಾಸ್ತಿ, ಸಂಜೆ ಕಿತ್ರೆ ಕಮ್ಮಿ. ನಾನು ಮೊದಲು ನನ್ನ ನಾಲಿಗೆದೇ ತಪ್ಪು ಅಂದ್ಕೊಂಡಿದ್ದೆ, ಆಮೇಲೆ ಓದಿದ್ರೆ ನಿಜ. ನೀರು ಕಮ್ಮಿ ಇದ್ದಾಗ ಈ ಗಿಡ ಹಗಲು ಎಲೆಯ ರಂಧ್ರ ಮುಚ್ಕೊಂಡು ರಾತ್ರಿ ಗಾಳಿ ಎಳ್ಕೊಂಡು ಮ್ಯಾಲಿಕ್ ಆಸಿಡ್ ಅನ್ನೋ ಹುಳಿಯಾಗಿ ಕೂಡಿಟ್ಕೊಳ್ಳತ್ತೆ, ಹಗಲು ಅದನ್ನ ಖರ್ಚು ಮಾಡತ್ತೆ. ರಾತ್ರಿ ಕೂಡಿಟ್ಟು ಹಗಲು ಖರ್ಚು ಮಾಡೋ ಈ ಗಿಡದ ಸಂಸಾರ ನೋಡಿದ್ರೆ ನಂಗೆ ಒಂಥರಾ ಗೌರವ.

ಗೋಣಿ ಸೊಪ್ಪು, ಕಾಡು ಹರಿವೆ, ಪುಲ್ಲಂಪುರಚಿ ಮೂರರಲ್ಲೂ ಆಕ್ಸಲೇಟ್ ಜಾಸ್ತಿ, ಕಿಡ್ನಿ ಸ್ಟೋನ್ ಆದವರು ದೂರ ಇರೋದೇ ಒಳ್ಳೇದು. ಬೇರೆಯವರೂ ಕುದಿಸಿ ನೀರು ಚೆಲ್ಲಿ ತಿಂದ್ರೆ ಎಷ್ಟೋ ಕಮ್ಮಿ ಆಗತ್ತೆ. ಕಾಡು ಹರಿವೆನೂ ಗೊಬ್ಬರ ಹೆಚ್ಚು ಸುರಿದ ಜಾಗದಲ್ಲಿ ಬೆಳೆದಿದ್ರೆ ನೈಟ್ರೇಟ್ ತುಂಬ್ಕೊಂಡಿರತ್ತೆ. ರಸ್ತೆ ಬದಿ, ಚರಂಡಿ ಪಕ್ಕ, ಕಳೆನಾಶಕ ಹೊಡೆದ ಕಡೆ, ಹಳೇ ಬಣ್ಣ ಉದುರಿದ ಗೋಡೆ ಬುಡ, ಇಲ್ಲೆಲ್ಲಾ ಎಷ್ಟೇ ಸೊಂಪಾಗಿದ್ರೂ ಕೀಳಬೇಡಿ, ಗಿಡ ಮಣ್ಣಿಂದ ಹೀರಿದ ಸೀಸ ತೊಳೆದ್ರೆ ಹೋಗಲ್ಲ. ಬೇರೆಯವರ ಜಾಗ ಆದ್ರೆ ಕೇಳಿ ಕೀಳಿ, ಬುಡ ಬಿಟ್ಟು ತುದಿ ಮಾತ್ರ ಮುರೀರಿ, ಮತ್ತೆ ಚಿಗುರತ್ತೆ.

ಅಣಬೆ ಬಗ್ಗೆ ಕೇಳ್ತಾರೆ. ನಾನು ಮುಟ್ಟಲ್ಲ. ಡೆತ್ ಕ್ಯಾಪ್ ಅನ್ನೋ ಅಣಬೆ ತಿಂದೋರಿಗೆ ಆರರಿಂದ ಹನ್ನೆರಡು ಗಂಟೆ, ಕೆಲವು ಸಲ ಇನ್ನೂ ಜಾಸ್ತಿ ಹೊತ್ತು ಏನೂ ಗೊತ್ತಾಗಲ್ಲ, ಆಮೇಲೆ ವಾಂತಿ ಭೇದಿ, ಮಧ್ಯೆ ಹುಷಾರಾದಂಗೆ ಅನ್ನಿಸಿ ಅಷ್ಟರಲ್ಲಿ ಲಿವರ್ ಹಾಳಾಗಿರತ್ತೆ, ಬೇಯಿಸಿದ್ರೂ ಆ ವಿಷ ಹೋಗಲ್ಲ. ದತ್ತೂರಿಯ ಎಳೆ ಗಿಡ ಸೊಪ್ಪಿನ ಮಧ್ಯೆ ಸೇರ್ಕೊಂಡು ಬರೋದೂ ಉಂಟು, ಅದಕ್ಕೇ ಕತ್ತರಿಸೋ ಮುಂಚೆ ಎಲೆ ಎಲೆ ಬಿಡಿಸಿ ನೋಡೋದು. ಹಕ್ಕಿ ತಿನ್ನತ್ತೆ ಮೇಕೆ ತಿನ್ನತ್ತೆ ಅಂತ ನಾವು ತಿನ್ನಕ್ಕಾಗಲ್ಲ, ಅವುಗಳ ಹೊಟ್ಟೆನೇ ಬೇರೆ. ಫೋನಲ್ಲಿ ಫೋಟೋ ತೆಗೆದು ಹೆಸರು ಹೇಳೋ ಆಪ್ ನಂಬ್ಕೊಂಡು ಬಾಯಿಗೆ ಹಾಕಬೇಡಿ, ನೂರಕ್ಕೆ ನೂರು ಗೊತ್ತಿಲ್ಲದ ಗಿಡ ಅಲ್ಲೇ ಇರಲಿ. ಹಸಿವಾದಾಗ ಕಲಿಯಕ್ಕೆ ಹೋದ್ರೆ ಕಣ್ಣು ತನಗೆ ಬೇಕಾದ್ದನ್ನೇ ನೋಡತ್ತೆ, ಅದಕ್ಕೇ ಹೊಟ್ಟೆ ತುಂಬಿರೋವಾಗ್ಲೇ ಗೊತ್ತಿರೋ ಹಿರಿಯರ ಜೊತೆ ಹೋಗಿ ಕಲೀಬೇಕು.

ಕೆಟ್ಟ ನೀರಿಂದ ಯಾರಿಗಾದ್ರೂ ಭೇದಿ ಶುರುವಾದ್ರೆ ಅಂತ ಡಬ್ಬದ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದೀನಿ, 1 ಲೀಟರ್ ಕುದಿಸಿ ಆರಿಸಿದ ನೀರು, 6 ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು, ಉಪ್ಪು ಜಾಸ್ತಿ ಬೇಡ, ಮಗುವಾದ್ರೆ ಡಾಕ್ಟರ್ ಹತ್ರ ಹೋಗೋದು ತಡ ಮಾಡಬೇಡಿ. ಅಮ್ಮನ ಮಾತ್ರೆ ಈಗ ಹದಿನೈದು ದಿನದ್ದು ಮುಂಚೇನೇ ಇರತ್ತೆ, ಟಾರ್ಚಿನ ಸೆಲ್ ಹೊರಗೆ ತೆಗೆದು ಪಕ್ಕದಲ್ಲಿಟ್ಟಿದೀನಿ, ಒಂದು ಪರ್ಸಲ್ಲಿ ಚಿಲ್ಲರೆ ನೋಟು.

ತಿಂಗಳಿಗೊಂದು ಶನಿವಾರ ಸಂಜೆ ಮೇನ್ ಸ್ವಿಚ್ ಆಫ್ ಮಾಡಿ ಬಾಟಲಿ ನೀರಲ್ಲೇ ಅಡುಗೆ ಮಾಡ್ತೀವಿ, ಏನು ಮರೆತಿದೀವಿ ಅಂತ ಆವಾಗ್ಲೇ ಗೊತ್ತಾಗೋದು, ಹೋದ ಸಲ ಬೆಂಕಿಪೊಟ್ಟಣ ಎಲ್ಲಿದೆ ಅಂತ ಕತ್ತಲಲ್ಲಿ ಹತ್ತು ನಿಮಿಷ ಹುಡುಕಿದ್ವಿ, ಈಗ ಅದು ಟಾರ್ಚ್ ಪಕ್ಕದಲ್ಲೇ ಇದೆ. ಅವತ್ತು ಮಗ ಹಿತ್ತಲಿಂದ ಒಂದು ಹಿಡಿ ಗೋಣಿ ಸೊಪ್ಪು ತಂದ, ಒಂದೊಂದೇ ಕಡ್ಡಿ ಮುರಿದು ಟಾರ್ಚ್ ಬೆಳಕಿಗೆ ಹಿಡಿದು "ಅಜ್ಜಿ ನೋಡಿ, ಯಾವುದ್ರಲ್ಲೂ ಹಾಲಿಲ್ಲ" ಅಂದ. ಅಮ್ಮ ಕನ್ನಡಕ ಹಾಕ್ಕೊಂಡು ಎಲ್ಲಾ ನೋಡಿ, "ಸರಿಯಾಗೇ ಇದೆ ಕಂದಾ, ಆದ್ರೂ ಒಂದ್ಸಲ ನಿಮ್ಮಮ್ಮಂಗೂ ತೋರಿಸು" ಅಂದ್ರು.