ಸ್ವಂತ ಕವಿತೆ ತರಬೇಡಿ

ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕನ್ನಡ ಮೇಷ್ಟರೆಂದ ಮೇಲೆ ಪಾಠದ ಜೊತೆಗೆ ನಾಡಗೀತೆಯ ಅಭ್ಯಾಸ, ಸಮಾರಂಭದ ನಿರೂಪಣೆ, ಆಮಂತ್ರಣ ಪತ್ರಿಕೆಯ ಕರಡು ತಿದ್ದುವುದು, ಕವಿಗೋಷ್ಠಿಗೆ ಕುರ್ಚಿ ಹೊಂದಿಸುವುದು ಎಲ್ಲವೂ ನಮ್ಮ ಹೆಗಲಿಗೇ ಬರುತ್ತವೆ. ಹೀಗೆ ಕುರ್ಚಿ ಹಾಕುತ್ತ ತೆಗೆಯುತ್ತ ನನಗೆ ಖಾತ್ರಿಯಾದದ್ದು ಇಷ್ಟು: ನಮ್ಮಲ್ಲಿ ಕವಿಗಳಿಗೆ ಬರವಿಲ್ಲ, ಕೇಳುವವರಿಗೆ ಬರ.

ಕವಿಗೋಷ್ಠಿಗಳಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ ಮುಗಿಯುವ ಹೊತ್ತಿಗೆ ಊಟದ ವೇಳೆಯಾಗಿರುತ್ತದೆ. ಒಬ್ಬರು ಓದುವಾಗ ಉಳಿದವರು ತಮ್ಮ ಹಾಳೆಯನ್ನು ಕಣ್ಣಾಡಿಸುತ್ತಿರುತ್ತಾರೆ. ಓದಿ ಮುಗಿಸಿದವರಿಗೆ ಒಮ್ಮೆಲೇ ಬಸ್ಸಿನ ನೆನಪಾಗುತ್ತದೆ. ಕೊನೆಯ ಕವಿಗೆ ಅಧ್ಯಕ್ಷರು ಮತ್ತು ಧ್ವನಿವರ್ಧಕದವರು ಮಾತ್ರ ಶ್ರೋತೃಗಳು. ಅಧ್ಯಕ್ಷರೂ ಇನ್ನೂ ತಮ್ಮ ಕವಿತೆ ಓದಿರುವುದಿಲ್ಲವಾದ್ದರಿಂದ ಉಳಿದಿರುತ್ತಾರೆ.

ಆದ್ದರಿಂದ ಶಾಲೆ ಮತ್ತು ಊರು ಸೇರಿ ಕವಿತೆ ಓದುವ ಕೂಟವೊಂದನ್ನು ಶುರು ಮಾಡಿದಾಗ ನಾವು ಇಟ್ಟ ಕರಾರು ಒಂದೇ. ಸ್ವಂತ ಕವಿತೆ ತರಬಾರದು. ನಿಮಗೆ ಇಷ್ಟವಾದ, ಬೇರೆಯವರ ಕವಿತೆ ತನ್ನಿ. ಜನಪದವಾದರೂ ಸರಿ, ಬಾಯಿಪಾಠವಿದ್ದರೆ ಇನ್ನೂ ಸರಿ. ಕೆಲವರು ಮುನಿಸಿಕೊಂಡರು. ಬಂದವರು ಮಾತ್ರ ಕೊನೆಯವರೆಗೆ ಕುಳಿತರು. ತಾನು ಮೆಚ್ಚಿದ್ದನ್ನು ಇನ್ನೊಬ್ಬರ ಮುಂದಿಡುವವನಿಗೆ ಅದು ಅವರಿಗೂ ಹಿಡಿಸಿತೇ ಎಂಬ ಕುತೂಹಲವಿರುತ್ತದೆ, ಅವನು ಎದ್ದು ಹೋಗುವುದಿಲ್ಲ.

ದಿನ ಯಾವುದು ಎಂಬುದೂ ಚರ್ಚೆಯಾಯಿತು. ಯುನೆಸ್ಕೊ 1999ರಲ್ಲಿ ಮಾರ್ಚ್ 21ನ್ನು ವಿಶ್ವ ಕಾವ್ಯ ದಿನವೆಂದು ಘೋಷಿಸಿದೆ. ಆದರೆ ಕರ್ನಾಟಕದ ಪ್ರೌಢಶಾಲೆಯಲ್ಲಿ ಮಾರ್ಚ್ ಎಂದರೆ ಎಸ್‌ಎಸ್‌ಎಲ್‌ಸಿ. ಆ ತಿಂಗಳು ಕವಿತೆ ಎಂದರೆ ಸಾರಾಂಶ, ಅಷ್ಟೇ. ಕುವೆಂಪು ಹುಟ್ಟಿದ ಡಿಸೆಂಬರ್ 29, ಬೇಂದ್ರೆ ಹುಟ್ಟಿದ ಜನವರಿ 31 ಕೂಡ ಮಾತಿಗೆ ಬಂದವು. ಆ ದಿನಗಳಿಗೆ ಭಾಷಣಗಳು ಮೊದಲೇ ಸ್ಥಳ ಹಿಡಿದಿವೆ. ಕೊನೆಗೆ ಮಳೆಗಾಲದ ಶನಿವಾರಗಳನ್ನು ಆರಿಸಿಕೊಂಡೆವು. ಬೆಳಗಿನ ಶಾಲೆ ಬಿಟ್ಟ ಮೇಲೆ ಮಕ್ಕಳಿಗೂ ಬಿಡುವು, ಮಳೆ ಹಿಡಿದರೆ ದೊಡ್ಡವರಿಗೂ ಬಿಡುವು. ಮಳೆ ಬಾರದಿದ್ದರೆ ವಿರಾಟಪರ್ವ ಓದಿಸುವ ರೂಢಿ ನಾಡಿನ ಹಲವು ಕಡೆ ಇದೆ. ನಮ್ಮ ಕಡೆ ಆಷಾಢದಲ್ಲಿ ಅದನ್ನು ಓದಲು ಧೈರ್ಯ ಬೇಕು.

ಓದುವ ಕ್ರಮವನ್ನು ಗಮಕದಿಂದ ತೆಗೆದುಕೊಂಡೆವು. ನಮ್ಮ ಜಿಲ್ಲೆಯ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು, ಅಲ್ಲಿಯ ಎಚ್‌.ಆರ್‌. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ಗಮಕದಲ್ಲಿ ಇಬ್ಬರ ಪಾಲಿದೆ. ಒಬ್ಬರು ರಾಗದಲ್ಲಿ ಪದ್ಯ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ವ್ಯಾಖ್ಯಾನಕಾರರು ಕೇಳದೆ ಮಾತಾಡುವಂತಿಲ್ಲ, ವಾಚಿಸುವವರು ವ್ಯಾಖ್ಯಾನ ಮುಗಿಯದೆ ಮುಂದಿನ ಪದ್ಯಕ್ಕೆ ಹೋಗುವಂತಿಲ್ಲ. ಕೇಳಿಸಿಕೊಳ್ಳುವುದು ಆ ಕಲೆಯ ಒಳಗೇ ಇದೆ. ನಾವು ಅದನ್ನು ಸಡಿಲಗೊಳಿಸಿ, ಓದುವುದು ಮಕ್ಕಳು, ಅರ್ಥ ಹೇಳುವುದು ಊರಿನವರು ಎಂದು ಹಂಚಿಕೊಂಡೆವು.

ಇದರಿಂದ ಏನಾಯಿತೆಂಬುದಕ್ಕೆ ಒಂದು ಮಧ್ಯಾಹ್ನವನ್ನು ಹೇಳಬೇಕು. ಕುಮಾರವ್ಯಾಸನು ಗದುಗಿನ ವೀರನಾರಾಯಣನನ್ನು ನೆಂಟಸ್ತಿಕೆಯ ಒಗಟಿನಲ್ಲಿ ಸುತ್ತಿಟ್ಟ ಪದ್ಯವೊಂದಿದೆ. ಇಂಥವನ ಮಗನ ಮಗನ ಸಹೋದರನ ಎಂದು ಹೊರಟು, ನೇರವಾಗಿ ಯಾರ ಹೆಸರನ್ನೂ ಹೇಳದೆ ಕೃಷ್ಣನವರೆಗೆ ಒಯ್ಯುತ್ತದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಓದಿದಳು, ಸಾಲಿನ ಕೊನೆಗೆ ನಿಲ್ಲಿಸಿ ನಿಲ್ಲಿಸಿ. ಆದರೆ ಕುಮಾರವ್ಯಾಸ ಸಾಲಿನ ಕೊನೆಯಲ್ಲಿ ಪದವನ್ನೇ ಮುರಿಯುತ್ತಾನೆ. ‘ಸಹೋದರ’ನ ‘ಸ’ ಮೊದಲ ಸಾಲಿನಲ್ಲಿ ನೇತಾಡುತ್ತಿತ್ತು, ‘ಹೋದರ’ ಎರಡನೆಯದರಲ್ಲಿ ಬಿದ್ದಿತ್ತು. ತಾಳಮದ್ದಳೆಯಲ್ಲಿ ಭಾಗವತಿಕೆ ಮಾಡಿ ಈಗ ತೋಟ ನೋಡಿಕೊಂಡಿರುವ ಹಿರಿಯರೊಬ್ಬರು, “ಉಸಿರು ಅರ್ಥ ಮುಗಿದಲ್ಲಿ ಬಿಡು, ಪುಟ್ಟಿ. ಸಾಲು ಮುಗಿದಲ್ಲಿ ಅಲ್ಲ” ಎಂದು ತಾವೇ ಒಮ್ಮೆ ಎತ್ತಿಕೊಂಡರು. ಪದ್ಯವಿರುವುದು ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ. ಯಕ್ಷಗಾನದ ಪ್ರಸಂಗಗಳಲ್ಲಿ ಭಾಮಿನಿ, ವಾರ್ಧಕ ಎರಡೂ ಷಟ್ಪದಿಗಳು ಬರುತ್ತವೆ, ಅವರಿಗೆ ಷಟ್ಪದಿ ಹೊಸದಲ್ಲ.

ಆಮೇಲೆ ಒಗಟು ಬಿಡಿಸುವ ಗಲಾಟೆ. ಕಪ್ಪು ಹಲಗೆಯ ಮೇಲೆ ಮಕ್ಕಳು ವಂಶವೃಕ್ಷ ಬರೆಯತೊಡಗಿ ಅರ್ಜುನನ ಬಳಿ ಸಿಕ್ಕಿಬಿದ್ದರು. ಅಲ್ಲಿಂದ ಮುಂದೆ ದಾರಿ ತೋರಿಸಿದ್ದು ಹಿಂದಿನ ಸಾಲಿನಲ್ಲಿ ಕವಳ ಹಾಕುತ್ತಿದ್ದ ಅಜ್ಜಿ. ಅರ್ಜುನನ ಹೆಂಡತಿ ಸುಭದ್ರೆ, ಅವಳ ಸೋದರಮಾವ ಕಂಸ, ಕಂಸನಿಗೆ ಹೆಣ್ಣು ಕೊಟ್ಟ ಮಾವ ಜರಾಸಂಧ, ಅವನನ್ನು ಕಾದಾಡಿ ಗೆದ್ದವನು ಭೀಮ, ಅವನ ಅಣ್ಣ ಧರ್ಮರಾಯ, ತಾಯಿ ಕುಂತಿ, ಕುಂತಿಯ ನಾದಿನಿ ದೇವಕಿ, ಅವಳ ಹೊಟ್ಟೆಯಲ್ಲಿ ಹುಟ್ಟಿದವನು ಕೃಷ್ಣ. ಮದುವೆ ಮನೆಯಲ್ಲಿ ನೆಂಟರ ಗುರುತು ಹೇಳುವಷ್ಟೇ ಸಲೀಸಾಗಿ ಹೇಳಿ ಮುಗಿಸಿದರು. ಓದು ಬರಹ ಬಾರದವರು ಅವರು. ಪಕ್ಕದವರು ದೇವಕಿ ನಾದಿನಿಯಾಗಬೇಕಾದರೆ ವಸುದೇವ ಕುಂತಿಗೆ ತಮ್ಮನಾಗಬೇಕು, ಅಣ್ಣನಾದರೆ ಅತ್ತಿಗೆಯಲ್ಲವೇ ಎಂದು ತಗಾದೆ ತೆಗೆದರು. ಆ ವ್ಯಾಜ್ಯ ಅವಲಕ್ಕಿ, ಚಹಾ ಮುಗಿದರೂ ಮುಗಿಯಲಿಲ್ಲ.

ಭಾಮಿನಿ ಷಟ್ಪದಿಯ ಲಕ್ಷಣವನ್ನು ನಾನು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತೇನೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕರಂತೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ 23. ಪ್ರಸ್ತಾರ ಹಾಕಿ ಲಘು, ಗುರು ಗುರುತಿಸಿದರೆ ಅಂಕ ಸಿಗುತ್ತದೆ. ಈಗ ಮಕ್ಕಳು ಮೊದಲು ಚಪ್ಪಾಳೆಯಲ್ಲಿ ಎಣಿಸುತ್ತಾರೆ, ಆಮೇಲೆ ಚಪ್ಪಾಳೆ ನಿಲ್ಲಿಸಿ ಅರ್ಥದ ದಾರಿಯಲ್ಲಿ ಓದುತ್ತಾರೆ. ಗಮಕಕ್ಕೆ ತಾಳವಿಲ್ಲ ಎನ್ನುವುದನ್ನು ವಿವರಿಸುವ ಕೆಲಸ ನನಗೆ ಉಳಿಯಲಿಲ್ಲ.

ಸ್ಪರ್ಧೆ ಬೇಡವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಬೇಕು. ಪ್ರತಿಭಾ ಕಾರಂಜಿಯ ವೇದಿಕೆ ಹತ್ತಿ ಇಳಿದ ಮಗುವಿನ ಅಂಜಿಕೆ ಕಳೆದದ್ದನ್ನು ನಾನೂ ನೋಡಿದ್ದೇನೆ. ಆದರೆ ಸ್ಪರ್ಧೆಯಲ್ಲಿ ಪಕ್ಕದ ಮಗುವಿನ ಪದ್ಯವನ್ನು ಯಾವ ಮಗುವೂ ಕೇಳುವುದಿಲ್ಲ, ತನ್ನ ಸರದಿಯ ಸಾಲುಗಳನ್ನು ತುಟಿಯಲ್ಲೇ ಉರು ಹೊಡೆಯುತ್ತಿರುತ್ತದೆ. ಅದು ಚಿಕ್ಕವರ ಕವಿಗೋಷ್ಠಿ. ಹಾಗಾಗಿ ಶನಿವಾರದ ಕೂಟಕ್ಕೆ ಬಹುಮಾನ, ಪ್ರಮಾಣಪತ್ರ ಏನನ್ನೂ ಇಟ್ಟಿಲ್ಲ.

ಮಾಡಹೊರಟವರಿಗೆ ಉಪಯೋಗಕ್ಕೆ ಬರಬಹುದಾದ ಕೆಲವು ಮಾತುಗಳು. ಮೈಕ್ ಬೇಡ, ಮೈಕ್ ಇದ್ದರೆ ಭಾಷಣ ಹುಟ್ಟುತ್ತದೆ. ಮೇಜು, ಕುರ್ಚಿ ಬದಿಗಿಟ್ಟು ಜಮಖಾನೆ ಹಾಸಿ, ಸುತ್ತ ಕೂರಿಸಿ. ಒಂದು ಕೂಟಕ್ಕೆ ಐದಾರು ಪದ್ಯ ಧಾರಾಳ. ಎರಡನೆಯ ಸಲ ಓದಿಸುವುದನ್ನು ಮರೆಯಬೇಡಿ, ಅರ್ಥ ಗೊತ್ತಾದ ಮೇಲಿನ ಓದಿಗೆ ಬೇರೆಯೇ ಧ್ವನಿ ಬರುತ್ತದೆ. ಸ್ವಸಹಾಯ ಸಂಘದ ಹೆಂಗಸರನ್ನು ಹೇಗಾದರೂ ಕರೆತನ್ನಿ. ‘ನಮಗೇನು ಬರುತ್ತದೆ ಮೇಷ್ಟ್ರೇ’ ಎನ್ನುವವರ ಬಾಯಲ್ಲೇ ಸೋಬಾನೆ ಪದಗಳು ಗಂಟೆಗಟ್ಟಲೆ ಬರುತ್ತವೆ.

ಸದ್ಯ ನಮ್ಮಲ್ಲಿ ನಡೆದಿರುವ ಚರ್ಚೆ ದೀಪಾವಳಿಯದು. ಮಲೆನಾಡಿನಲ್ಲಿ ಆಗ ಅಂಟಿಗೆ ಪಂಟಿಗೆಯ ತಂಡಗಳು ಜ್ಯೋತಿ ಹಿಡಿದು ರಾತ್ರಿಯಿಡೀ ಮನೆ ಮನೆಗೆ ಹೋಗಿ ಪದ ಹಾಡುತ್ತವೆ. ತಂಡದ ಹಿರಿಯರು ಕೂಟಕ್ಕೆ ಬಂದು ಪದ ಕಲಿಸಿದ್ದಾರೆ. ಹುಡುಗರಿಗಿಂತ ಹುಡುಗಿಯರೇ ಚೆನ್ನಾಗಿ ಕಲಿತಿದ್ದಾರೆ, ತಂಡದಲ್ಲಿ ಹೋಗುವುದು ಮಾತ್ರ ಮೊದಲಿನಿಂದಲೂ ಗಂಡಸರು. ತಮ್ಮನ್ನೂ ಕರೆದುಕೊಂಡು ಹೋಗಬೇಕೆಂದು ಹತ್ತನೆಯ ತರಗತಿಯ ಹುಡುಗಿಯರು ಹಿರಿಯರ ಮನೆಗೇ ಹೋಗಿ ಕೇಳಿ ಬಂದಿದ್ದಾರೆ. ಒಬ್ಬರು ಒಪ್ಪಿದ್ದಾರೆ, ಇನ್ನಿಬ್ಬರು ಹಬ್ಬ ಹತ್ತಿರ ಬರಲಿ ಎಂದಿದ್ದಾರೆ.