ಸೀಗಿ ಹುಣ್ಣಿಮೆ, ಇನ್ಲೆ ಕೆರೆ ಸಂತೆ, ನಮ್ಮವ್ವ

ಸೀಗಿ ಹುಣ್ಣಿಮೆ ಅಂದ್ರೆ ನಮ್ಮ ಕಡೆ ಹೊಲಕ್ಕೆ ಚರಗ ಚೆಲ್ಲೋದು, ಬುತ್ತಿ ಕಟ್ಕೊಂಡು ಹೋಗೋದು. ನಾನು ಅದರ ಜೊತೆ ಸಂಜೆ ಬಾಗಿಲಲ್ಲಿ ಸಾಲಾಗಿ ದೀಪಾನೂ ಇಡ್ತೀನಿ, ದೀಪಾವಳಿಗೆ ಇನ್ನೂ ಹದಿನೈದು ದಿನ ಇದೆಯಲ್ಲಾ ಈಗ್ಯಾಕೆ ಅಂತ ಪಕ್ಕದ ಮನೆಯವ್ರು ಕೇಳ್ತಾರೆ. ಇದು ನಾನು ಬರ್ಮಾದಿಂದ ತಂದ್ಕೊಂಡ ವ್ರತ.

2018ರ ಅಕ್ಟೋಬರ್‌ನಲ್ಲಿ ಹೋಗಿದ್ದು, ಅವ್ವ ತೀರ್ಕೊಂಡು ಆಗಿನ್ನೂ ವರ್ಷ ತುಂಬಿತ್ತು. ಶಾನ್ ರಾಜ್ಯದ ನ್ಯಾಂಗ್‌ಶ್ವೆ ಅನ್ನೋ ಸಣ್ಣ ಊರಲ್ಲಿ ಉಳ್ಕೊಂಡು ದಿನಾ ದೋಣೀಲಿ ಇನ್ಲೆ ಕೆರೆ ಸುತ್ತೋದು. ನಮ್ಮಲ್ಲಿ ವಾರದ ಸಂತೆ ಇದ್ದಂಗೆ ಅಲ್ಲಿ ಐದು ದಿನಕ್ಕೊಂದು ಸಂತೆ, ಇವತ್ತು ಈ ಹಳ್ಳಿ ನಾಳೆ ಆ ಹಳ್ಳಿ ಅಂತ ಸರದಿ ಮೇಲೆ ತಿರುಗುತ್ತೆ. ಬೆಟ್ಟದಿಂದ ಪಾ-ಓ ಅನ್ನೋ ಬುಡಕಟ್ಟಿನ ಹೆಂಗಸರು ತಲೆಗೆ ಬಣ್ಣದ ವಸ್ತ್ರ ಸುತ್ಕೊಂಡು ಇಳಿದು ಬಂದಿದ್ರು, ಬೆಳ್ಳುಳ್ಳಿ ರಾಶಿ, ಒಣಮೀನು, ಕಡ್ಲೆಹಿಟ್ಟಿಂದ ಮಾಡೋ ತೋಫು, ಅದನ್ನ ತಿಂದ್ರೆ ನಮ್ಮ ಝುಣಕದ ವಡಿನೇ ನೆನಪಾಗುತ್ತೆ. ಎಲ್ಲರ ಕೆನ್ನೆ ಮೇಲೂ ಥನಾಖಾ, ಒಂದು ಮರದ ತೊಗಟೆ ಅದು, ಗಂಧದ ಥರ ಕಲ್ಲಿನ ಮೇಲೆ ತೇದು ಹಚ್ಕೊಳ್ತಾರೆ.

ನನ್ನ ಕಣ್ಣು ನಿಂತಿದ್ದು ಹೂವಿನ ಹತ್ರ. ಯಾವ ಬುಟ್ಟಿ ನೋಡಿದ್ರೂ ತರಕಾರಿ ಮೇಲೆ ಒಂದು ಕಟ್ಟು ಹೂವು, ಜೊತೆಗೆ ಥಬ್ಯೆ ಅನ್ನೋ ಚಿಗುರೆಲೆ, ನಮ್ಮ ನೇರಳೆ ಜಾತಿದೇ, ಮನೆ ಬುದ್ಧನ ಮುಂದೆ ಇಡೋಕೆ. ನಮ್ಮವ್ವನೂ ಸಂತೇಲಿ ಮೊದಲು ದೇವರ ಹೂವು ತಗೊಂಡು ಆಮೇಲೇನೇ ಬದನೆಕಾಯಿ ರೇಟು ಕೇಳ್ತಿದ್ಲು. ಅಲ್ಲೇ ಕೆಸರಲ್ಲಿ ನಿಂತು ಅತ್ತುಬಿಟ್ಟೆ.

ದೋಣಿ ಹುಡುಗ ಗಾಬರಿಯಾದ, ಅವ್ವನ ವಿಷಯ ಹೇಳಿದೆ. ಆಗ ಅವನು ಥಡಿಂಜುಟ್ ಹಬ್ಬದ ಕಥೆ ಹೇಳಿದ್ದು, ನಮ್ಮ ಸೀಗಿ ಹುಣ್ಣಿಮೆ ಹೊತ್ತಿಗೇ ಬರೋ ಅವರ ದೀಪದ ಹಬ್ಬ ಅದು. ಬುದ್ಧ ಹುಟ್ಟಿ ಏಳೇ ದಿನಕ್ಕೆ ತಾಯಿ ಮಾಯಾದೇವಿ ತೀರ್ಕೊಂಡು ದೇವಲೋಕ ಸೇರಿದ್ಲಲ್ಲ, ಆ ತಾಯಿಗೆ ಧರ್ಮ ಹೇಳೋಕೆ ಅಂತಾನೇ ಬುದ್ಧ ಮಳೆಗಾಲದ ಮೂರು ತಿಂಗಳು ಅಲ್ಲಿಗೆ ಹೋಗಿದ್ದು, ಅಭಿಧಮ್ಮ ಅನ್ನೋ ತತ್ವೋಪದೇಶ ಪೂರ್ತಿ ಹೇಳಿ ಈ ಹುಣ್ಣಿಮೆ ದಿನ ಭೂಮಿಗೆ ಇಳಿದು ಬಂದ, ದಾರಿ ಕಾಣಲಿ ಅಂತ ಜನ ದೀಪ ಇಟ್ರು. ಎಲ್ಲಾ ಬಿಟ್ಟು ಹೊರಟೋದವನೂ ತಾಯೀನ ಮಾತ್ರ ಹುಡುಕ್ಕೊಂಡು ಹೋದ ಅನ್ನೋದು ನನ್ನ ಎದೇಲಿ ಕೂತುಬಿಡ್ತು.

ಮಾರನೇ ದಿನ ಫೌಂಗ್ ಡೋ ಊ ಪಗೋಡಕ್ಕೆ ಹೋದ್ವಿ. ಇರೋದು ಬುದ್ಧನ ಐದು ಪುಟ್ಟ ಮೂರ್ತಿ, ಜನ ಚಿನ್ನದ ರೇಕು ಅಂಟಿಸಿ ಅಂಟಿಸಿ ಮುಖ, ಕೈ ಏನೂ ಕಾಣದೆ ಉಂಡೆ ಆಗಿಬಿಟ್ಟಿದಾವೆ, ನನಗಂತೂ ಲಿಂಗ ನೋಡಿದಂಗೆ ಆಯ್ತು. ಈ ಹಬ್ಬದ ಸಮಯದಲ್ಲಿ 18 ದಿನ ನಾಲ್ಕು ಮೂರ್ತಿಗಳು ಹಕ್ಕಿ ಆಕಾರದ ಚಿನ್ನದ ಬಣ್ಣದ ದೋಣೀಲಿ ಹಳ್ಳಿ ಹಳ್ಳಿ ಸುತ್ತುತ್ತವೆ, ಒಂದು ಗುಡಿ ಕಾಯುತ್ತೆ, ನಾವು ಹೋದಾಗ ಆ ಒಂದೇ ಇತ್ತು. 1965ರಲ್ಲಿ ದೋಣಿ ಮುಳುಗಿ ನಾಲ್ಕು ಮೂರ್ತಿ ಸಿಕ್ವಂತೆ, ಐದನೇದು ತಾನೇ ಗುಡಿಗೆ ಬಂದು ಕೂತಿತ್ತು ಅಂತಾರೆ, ಅವತ್ತಿಂದ ಒಂದನ್ನ ಹೊರಗೆ ಕಳಿಸಲ್ಲ. ರೇಕು ಅಂಟಿಸೋದು ಅಲ್ಲಿ ಗಂಡಸರೇ, ನನ್ನ ಕೈಲಿದ್ದ ರೇಕನ್ನ ಒಬ್ರು ಅಜ್ಜ ಇಸ್ಕೊಂಡು, ಅದನ್ನ ಹಣೆಗೆ ಮುಟ್ಟಿಸಿ ಆಮೇಲೆ ಅಂಟಿಸಿದ್ರು. ಅವ್ವನ ಹೆಸರು ಮನಸ್ಸಲ್ಲೇ ಹೇಳ್ದೆ.

ಹುಣ್ಣಿಮೆ ರಾತ್ರಿ ಊರೆಲ್ಲಾ ಮೇಣದಬತ್ತಿ, ಮೆಟ್ಟಿಲು, ಕಾಂಪೌಂಡು, ಎಲ್ಲೂ ಜಾಗ ಬಿಟ್ಟಿಲ್ಲ. ಹಿರಿಯರಿಗೆ ಕಿರಿಯರು ಹಣ್ಣು ಕೊಟ್ಟು ಅಡ್ಡಬೀಳ್ತಾರೆ. ನಾವಿದ್ದ ಮನೆ ಅಜ್ಜಿಗೆ ಮೊಮ್ಮಕ್ಕಳು ನಮಸ್ಕಾರ ಮಾಡಿದ ಮೇಲೆ ನಾನೂ ಮಾಡ್ದೆ, ಅಜ್ಜಿ ತಲೆ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ಏನೋ ಹೇಳ್ತಾನೇ ಇದ್ರು. ಒಂದಕ್ಷರ ಅರ್ಥ ಆಗ್ಲಿಲ್ಲ, ಏಳೋಕೂ ಮನಸ್ಸಾಗ್ಲಿಲ್ಲ.

2025ರ ಮಾರ್ಚ್ 28ರ ಭೂಕಂಪದಲ್ಲಿ ಇನ್ಲೆ ನೀರಿನ ಮೇಲಿನ ಮನೆಗಳು ಎಷ್ಟೋ ಕುಸಿದು ಬಿದ್ವು. ಈಗ ಹುಣ್ಣಿಮೆಗೆ ಅವ್ವನ ದೀಪದ ಪಕ್ಕ ಆ ಅಜ್ಜಿಗೂ ಒಂದು ಇಡ್ತೀನಿ, ಗಾಳಿಗೆ ಆರಿದ್ರೆ ಎದ್ದು ಹೋಗಿ ಮತ್ತೆ ಹಚ್ತೀನಿ.